ಅರ್ಧ ಗ್ಲಾಸ್ ನೀರು

ದಾದಾನ ಕಾಗದಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತಿದ್ದವು: ‘ಅರ್ಧ ಗ್ಲಾಸ್.’ ಅದರ ಕೆಳಗೆ ಮಳೆ, ಭತ್ತ, ಮಕ್ಕಳ ಓದು, ಕೆಟ್ಟು ನಿಂತ ಎಂಜಿನ್ನು, ಮಂಡಿನೋವು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅಂಚೆಯವನು ತಂದ ಇನ್‌ಲ್ಯಾಂಡ್ ನೋಡಿ, ‘ಇದ್ಯಾರಪ್ಪ, ಕುಡಿದದ್ದರ ಲೆಕ್ಕ ಬರೆದು ಕಳಿಸುವವರು?’ ಎಂದು ಗಾಬರಿಯಾಗಿದ್ದಳು. ಅವಳನ್ನು ಕೂರಿಸಿಕೊಂಡು ಹಡಗಿನ ಬಾಯ್ಲರಿನ ಕತೆ ಹೇಳಬೇಕಾಯಿತು. ಆಮೇಲೆ ಅವಳೂ ಕಾಗದ ಬಂದ ಕೂಡಲೇ ಮೊದಲ ಸಾಲು ನೋಡಿ, ‘ಅರ್ಧ ಗ್ಲಾಸ್ ಅಂತೆ’ ಎಂದು ಕೂಗಿ ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು.

ಬಾಯ್ಲರಿನ ಎದುರಿಗೆ ಗೇಜ್ ಗ್ಲಾಸ್ ಎಂಬುದೊಂದು ಇರುತ್ತದೆ. ಮೇಲಿನ ಸ್ಟೀಮ್ ಡ್ರಮ್ಮಿನಲ್ಲಿ ನೀರು ಎಷ್ಟು ಎತ್ತರಕ್ಕಿದೆಯೋ ಅಷ್ಟೇ ಎತ್ತರಕ್ಕೆ ಆ ಗಾಜಿನಲ್ಲೂ ನಿಲ್ಲುತ್ತದೆ. ಅರ್ಧಕ್ಕೆ ನಿಂತಿದ್ದರೆ ಎಲ್ಲ ಸುಸೂತ್ರ. ತೀರಾ ಕೆಳಗಿಳಿದರೆ ಕೊಳವೆಗಳು ಬರಿದಾಗಿ ಬೆಂಕಿಗೆ ಸುಟ್ಟು ಸೀಳುತ್ತವೆ. ತೀರಾ ಮೇಲೇರಿದರೆ ಹಬೆಯ ಜೊತೆ ನೀರೂ ನುಗ್ಗಿ ಟರ್ಬೈನಿನ ಅಲಗುಗಳನ್ನು ಮುರಿಯುತ್ತದೆ. ಎಲ್ಲಕ್ಕಿಂತ ಭಯದ್ದೆಂದರೆ ಗ್ಲಾಸಿನಲ್ಲಿ ನೀರಿನ ಗೆರೆಯೇ ಕಾಣದಿರುವುದು. ಪೂರ್ತಿ ತುಂಬಿದ ಗಾಜೂ ಪೂರ್ತಿ ಬರಿದಾದ ಗಾಜೂ ನೋಡುವ ಕಣ್ಣಿಗೆ ಒಂದೇ ಥರ. ಯಾವುದೆಂದು ಯೋಚಿಸುತ್ತ ನಿಲ್ಲಬಾರದು. ಮೊದಲು ಬೆಂಕಿ ಆರಿಸಬೇಕು, ಮಿಕ್ಕದ್ದು ಆಮೇಲೆ.

ಬಾಯ್ಲರ್ ರೂಮಿನಲ್ಲಿ ಮಾತು ಕೇಳಿಸುವುದಿಲ್ಲ. ಗಾಳಿ ನೂಕುವ ಫ್ಯಾನುಗಳ ಅಬ್ಬರ, ಬರ್ನರುಗಳ ಭೋರೆತ, ಪಂಪುಗಳ ಬಡಿತ. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಮಾತು ಗಾಳಿಪಾಲು. ಹಾಗಾಗಿ ದಾದಾನೂ ನಾನೂ ನಮ್ಮದೇ ಕೈಸನ್ನೆ ಮಾಡಿಕೊಂಡಿದ್ದೆವು. ಒಂದು ಬೆರಳೆತ್ತಿದರೆ ಇನ್ನೊಂದು ಬರ್ನರ್ ಹಚ್ಚು. ಮುಷ್ಟಿ ಕಟ್ಟಿದರೆ ಆರಿಸು. ಹುಬ್ಬೇರಿಸಿದರೆ ನೀರೆಷ್ಟು ಎಂಬ ಪ್ರಶ್ನೆ. ಅಂಗೈಯನ್ನು ಮಟ್ಟಸವಾಗಿ ಎದೆಯ ಮುಂದೆ ಹಿಡಿದರೆ ಅರ್ಧ ಗ್ಲಾಸ್ ಎಂಬ ಉತ್ತರ. ಹೀಗೆ ಒಂದು ಯುದ್ಧವನ್ನು ನಾವು ಬಾಯಿಬಿಡದೆ ಕಳೆದೆವು.

ನಾನು ಕುಮಟಾದ ಹತ್ತಿರ, ಅಘನಾಶಿನಿ ನದಿಯ ದಂಡೆಯವನು. ಮೀನು ಮತ್ತು ಗಜನಿ ಗದ್ದೆ, ಇವೆರಡೇ ನಮ್ಮ ಮನೆಯ ಬದುಕು. 1966ರಲ್ಲಿ, ಹದಿನೇಳರ ಹುಡುಗ, ನೌಕಾದಳಕ್ಕೆ ಸೇರಿದೆ. ಸಮುದ್ರ ಗೊತ್ತಿದ್ದವನೆಂದು ನನ್ನನ್ನು ಮೇಲೆ ಡೆಕ್ಕಿನಲ್ಲಿ ನಿಲ್ಲಿಸುತ್ತಾರೆಂದು ಕನಸು ಕಂಡಿದ್ದೆ. ಲೋಣಾವಳಾದ ಐಎನ್‌ಎಸ್ ಶಿವಾಜಿಗೆ ಕಳಿಸಿ ಸ್ಟೋಕರ್ ಮಾಡಿದರು. ಘಟ್ಟದ ಮೇಲೆ, ಸಮುದ್ರದ ವಾಸನೆಯೂ ಇಲ್ಲದ ಊರಿನಲ್ಲಿ ಹಡಗಿನ ಹೊಟ್ಟೆಯ ಕೆಲಸ ಕಲಿತೆ. 1971ರ ಆರಂಭದಲ್ಲಿ ವಿಕ್ರಾಂತಕ್ಕೆ ಬಂದೆ.

ಆ ಹಡಗನ್ನು ಕಂಡವರಿಗೆ ನಾನು ಹೇಳಬೇಕಾದದ್ದಿಲ್ಲ. ಕಾಣದವರಿಗೆ ಹೇಳಿದರೆ ಎಷ್ಟು ತಲುಪೀತು? 700 ಅಡಿ ಉದ್ದ, ಸಾವಿರಕ್ಕೂ ಹೆಚ್ಚು ಜನ, ಮೇಲೆ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ‘ಹರ್ಕ್ಯುಲಿಸ್’ ಎಂಬ ಹೆಸರಿನಿಂದ ಕಟ್ಟಲು ತೊಡಗಿ, ಯುದ್ಧ ಮುಗಿದ ಮೇಲೆ ಅರ್ಧಕ್ಕೇ ಬಿಟ್ಟಿದ್ದ ಹಡಗು. ನಮ್ಮ ದೇಶ ಅದನ್ನು ಕೊಂಡು, ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ನೌಕಾದಳಕ್ಕೆ ಸೇರಿಸಿಕೊಂಡಿತ್ತು. ಹೊಟ್ಟೆಯಲ್ಲಿ ನಾಲ್ಕು ಬಾಯ್ಲರು. ನಾನು ಬಂದಾಗ ಅದಕ್ಕೆ ಬೇನೆ ಹತ್ತಿತ್ತು. ಬಾಯ್ಲರಿನ ಡ್ರಮ್ಮಿನಲ್ಲಿ ಬಿರುಕು ಕಾಣಿಸಿಕೊಂಡು, ಇದನ್ನು ಸಮುದ್ರಕ್ಕೆ ಕಳಿಸಬಹುದೇ ಕೂಡದೇ ಎಂದು ದೊಡ್ಡವರ ನಡುವೆ ಚರ್ಚೆ ನಡೆದಿತ್ತು. ಕೊನೆಗೆ ಮರದ ಪೀಪಾಯಿಗೆ ಬಳೆ ಹಾಕುವ ಹಾಗೆ ಉಕ್ಕಿನ ಪಟ್ಟಿ ಬಿಗಿದು, ಒತ್ತಡ ಇಳಿಸಿ ಹಡಗು ಓಡಿಸುವುದೆಂದಾಯಿತು. 25 ನಾಟ್ ಓಡಬೇಕಾದದ್ದು 16 ನಾಟ್ ದಾಟಬಾರದು. ನೌಕಾದಳದ ಮುಖ್ಯಸ್ಥ ಅಡ್ಮಿರಲ್ ನಂದಾ ಅವರು ವಿಕ್ರಾಂತವಿಲ್ಲದ ಯುದ್ಧ ಬೇಡವೆಂದು ಪಟ್ಟು ಹಿಡಿದರೆಂದು ಆಮೇಲೆ ಓದಿದೆ. ಕೆಳಗಿದ್ದ ನಮಗೆ ತಿಳಿದದ್ದು ಇಷ್ಟೇ: ಆ ಪಟ್ಟಿ ಬಿಗಿದ ಉಕ್ಕಿನ ಎದುರಿಗೆ ನಾಲ್ಕು ನಾಲ್ಕು ತಾಸು ನಿಲ್ಲುವವರು ನಾವು.

ಮೊದಲ ವಾಚಿಗೆ ಇಳಿದ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಏರ್‌ಲಾಕಿನ ಎರಡು ಬಾಗಿಲು ದಾಟುವಾಗ ಕಿವಿ ಕಟ್ಟಿತು. ಏಣಿ ಇಳಿದು, ಪೈಪುಗಳ ಸಂದಿಯಲ್ಲಿ ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಒಂದು ಕೈ ನನ್ನ ಎದೆಗೆ ಅಡ್ಡ ಬಂತು. ಬನಿಯನ್ ತೊಟ್ಟ, ಕಡ್ಡಿಯಂಥ ಮೈಯ ಕಪ್ಪು ಹುಡುಗ. ಮಾತಿಲ್ಲ. ಮೂಲೆಯಲ್ಲಿದ್ದ ಉದ್ದ ಹಿಡಿಯ ಪೊರಕೆ ತೆಗೆದುಕೊಂಡು, ಅದರ ಹಿಡಿಯನ್ನು ನಾನು ಹೋಗಲಿದ್ದ ಜಾಗದಲ್ಲಿ ಮೆಲ್ಲಗೆ ಮುಂದೆ ಚಾಚಿದ. ಅಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ, ಬರೀ ಗಾಳಿ. ಆ ಗಾಳಿಯಲ್ಲೇ ಮರದ ಹಿಡಿಯ ತುದಿ ಸಿಬರು ಸಿಬರಾಗಿ ಹಾರಿತು. ಸೂಪರ್‌ಹೀಟ್ ಆದ ಹಬೆ ಕಣ್ಣಿಗೆ ಕಾಣುವುದಿಲ್ಲ. ಬಿಳಿ ಹೊಗೆಯಾಗುವುದು ತಣಿದ ಮೇಲೆ. ಒಂದು ಫ್ಲೇಂಜಿನಿಂದ ಸೂಜಿಯಷ್ಟು ಸೋರುತ್ತಿದ್ದ ಹಬೆ ಅದು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ತೋಳಿಗೆ ಅದೇ ಗತಿ. ಅವನು ಪೊರಕೆ ಕೆಳಗಿಟ್ಟು, ನನ್ನ ಮುಖ ನೋಡಿ, ಸುತ್ತು ಬಳಸಿ ಬಾ ಎಂದು ಕೈ ತೋರಿಸಿ ತನ್ನ ಬರ್ನರಿನ ಎದುರಿಗೆ ಹೋಗಿ ನಿಂತ. ವಾಚ್ ಮುಗಿದು ಮೇಲೆ ಬಂದು ಚಾ ಕುಡಿಯುವಾಗಲೇ ಅವನ ದನಿ ಮೊದಲ ಸಲ ಕೇಳಿದ್ದು. ಹೆದರಿದ ಸದ್ದಿಲ್ಲ, ಹೆಮ್ಮೆಯ ಸದ್ದೂ ಇಲ್ಲ. ‘ಎಲ್ಲಿಯವನು?’ ಎಂದ.

ಬಂಗಾಳಿಯಾದ್ದರಿಂದ ಎಲ್ಲರೂ ಅವನನ್ನು ದಾದಾ ಎನ್ನುತ್ತಿದ್ದರು. ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ನನಗೆ ಆ ಹೆಸರು ಸರಿಯಾಗಿಯೇ ಕೂತಿತು. ನಾನು ಮಾತಿಗೊಮ್ಮೆ ‘ಮಾರಾಯಾ’ ಎನ್ನುತ್ತಿದ್ದುದು ಕೇಳಿ ಅವನು ಅದನ್ನೇ ನನ್ನ ಹೆಸರು ಮಾಡಿದ. ಐವತ್ತು ವರ್ಷ ಅವನ ಬಾಯಲ್ಲಿ ನಾನು ಮಾರಾಯಾ. ಅವನ ಮಕ್ಕಳಿಗೆ ಮಾರಾಯ್ ಕಾಕು.

ಅವನು ಹುಟ್ಟಿದ್ದು ಈಗಿನ ಬಾಂಗ್ಲಾದೇಶದ ಖುಲ್ನಾದ ಹತ್ತಿರ, ರೂಪ್ಸಾ ನದಿಯ ದಡದಲ್ಲಿ. ದೇಶ ಒಡೆದ ಮೇಲೆ ಅಲ್ಲಿಂದ ಹೊರಟು ಬಂದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. 1950ರ ದಶಕದಲ್ಲಿ ಸರ್ಕಾರ ಇಂಥ ನಿರಾಶ್ರಿತರಿಗೆ ಅಂಡಮಾನಿನಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ಕಲ್ಕತ್ತೆಯಿಂದ ಹಡಗಿನಲ್ಲಿ ಹೋಗಿ, ಉತ್ತರ ಅಂಡಮಾನಿನ ದಿಗ್ಲಿಪುರದ ಕಾಡು ಕಡಿದು ಗದ್ದೆ ಮಾಡಿದವರು. ಅಲ್ಲಿನ ಊರುಗಳಿಗೆ ಸೀತಾನಗರ, ಲಕ್ಷ್ಮೀಪುರ, ಕಿಶೋರಿನಗರ ಎಂದೆಲ್ಲ ಹೆಸರು. ಅಪ್ಪ ಬೇಗ ತೀರಿಕೊಂಡು, ತಾಯಿ ಒಬ್ಬಳೇ ಗದ್ದೆ ನೋಡಿಕೊಂಡಿದ್ದಳು. ಅವಳ ಒಬ್ಬನೇ ಮಗ ಇವನು.

ಈಗ ನಾನು ಹೇಳಬೇಕೆಂದು ಕೂತದ್ದು ಬರುತ್ತದೆ.

1971ರ ನವೆಂಬರ್ ಮಧ್ಯದಲ್ಲಿ, ಪಾಕಿಸ್ತಾನದೊಡನೆ ಯುದ್ಧ ಶುರುವಾಗುವ ಮುಂಚೆ, ವಿಕ್ರಾಂತವನ್ನು ಯಾರಿಗೂ ತಿಳಿಯದ ಹಾಗೆ ಅಂಡಮಾನಿನ ಕಡೆಗೆ ಕಳಿಸಿದರು. ಪಾಕಿಸ್ತಾನದ ‘ಘಾಜಿ’ ಎಂಬ ಸಬ್‌ಮರೀನು ನಮ್ಮನ್ನೇ ಹುಡುಕಿ ಬಂಗಾಳ ಕೊಲ್ಲಿಗೆ ಬರುವುದರಲ್ಲಿತ್ತು. ಅಡಗಿ ನಿಲ್ಲುವ ಜಾಗಕ್ಕೆ ಇಟ್ಟ ಗುಪ್ತ ಹೆಸರು ಪೋರ್ಟ್ ಎಕ್ಸ್-ರೇ. ಹೆಸರು ಕೇಳಿದರೆ ಏನೋ ಎಂದುಕೊಳ್ಳಬೇಕು. ನೋಡಿದರೆ ಉತ್ತರ ಅಂಡಮಾನಿನ ಕಾಡಿನ ಒಂದು ಕೊಲ್ಲಿ. ವಾಚ್ ಮುಗಿಸಿ ಉಸಿರಾಡಲು ಮೇಲೆ ಬಂದಾಗ ದಾದಾ ದಡದ ಕಡೆ ನೋಡಿ ನಿಂತುಬಿಟ್ಟ. ದಕ್ಷಿಣಕ್ಕೆ ಮೋಡ ಕವಿದ ಒಂದು ಎತ್ತರದ ಗುಡ್ಡ. ‘ಸ್ಯಾಡಲ್ ಪೀಕ್’ ಎಂದ. ಅಂಡಮಾನಿನಲ್ಲೆಲ್ಲ ಎತ್ತರದ ಗುಡ್ಡ ಅದು, 732 ಮೀಟರು. ಸ್ವಲ್ಪ ಹೊತ್ತು ಬಿಟ್ಟು, ‘ಅಮ್ಮನ ಗದ್ದೆಯಿಂದ ಇದೇ ಕಾಣುವುದು’ ಎಂದ.

ಅರ್ಧ ದಿನ ನಡೆದರೆ ಮನೆ. ಆದರೆ ಯಾರೂ ದಡಕ್ಕೆ ಇಳಿಯುವಂತಿಲ್ಲ, ಕಾಗದ ಬರೆಯುವಂತಿಲ್ಲ, ರಾತ್ರಿ ಒಂದು ಬೆಳಕೂ ಹೊರಗೆ ಕಾಣುವಂತಿಲ್ಲ. ನಾವು ಅಲ್ಲಿರುವುದೇ ಸುಳ್ಳು. ಅವನು ಮನೆ ನೋಡದೆ ಆಗಲೇ ಎರಡು ವರ್ಷ. ತಾಯಿಗೆ ಹುಷಾರಿಲ್ಲವೆಂದು ಹಿಂದಿನ ಬಂದರಿನಲ್ಲಿ ಕಾಗದ ಬಂದಿತ್ತು. ಅವನು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದ್ದರೂ ಸಿಗುತ್ತಿರಲಿಲ್ಲ, ನಿಜ, ಆದರೂ ಕೇಳಲಿಲ್ಲ. ವಿಮಾನಗಳ ಅಭ್ಯಾಸಕ್ಕೆ ಹಡಗು ಹೊರಗೆ ಹೋಗುತ್ತಿತ್ತು, ಮತ್ತೆ ಬಂದು ಲಂಗರು ಹಾಕುತ್ತಿತ್ತು. ಪ್ರತಿ ಸಲ ಮೇಲೆ ಬಂದಾಗಲೂ ಅವನು ಗುಡ್ಡ ಇರುವ ಕಡೆಯ ರೇಲಿಂಗಿಗೇ ಹೋಗಿ ನಿಲ್ಲುತ್ತಿದ್ದ. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಸಮಾಧಾನದ ಮಾತು ನನ್ನ ಬಾಯಿಗೆ ಬರಲಿಲ್ಲ. ಒಂದು ಸಂಜೆ ಹುಬ್ಬೇರಿಸಿದೆ. ಮೇಲೆ, ಬೆಳಕಿನಲ್ಲಿ, ಆ ಸನ್ನೆ ಮಾಡಿದ್ದು ಅದೇ ಮೊದಲು. ಅವನು ತಡೆದು, ಅಂಗೈಯನ್ನು ಎದೆಯ ಮುಂದೆ ಮಟ್ಟಸ ಹಿಡಿದ. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅದೇ ದಿನಗಳಲ್ಲಿ ವಿಶಾಖಪಟ್ಟಣದಲ್ಲಿ ಏನು ನಡೆದಿತ್ತೆಂಬುದು ನಮಗೆ ವರ್ಷಗಳ ಮೇಲೆ ತಿಳಿಯಿತು. ಪೂರ್ವ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಅವರು ವಿಕ್ರಾಂತ ಇನ್ನೂ ವಿಶಾಖಪಟ್ಟಣದ ಆಸುಪಾಸಿನಲ್ಲೇ ಇದೆಯೆಂದು ಶತ್ರು ನಂಬುವಂತೆ ಮಾಡಿದ್ದರು. ಐಎನ್‌ಎಸ್ ರಜಪೂತ್ ಎಂಬ ಹಳೆಯ ಹಡಗಿಗೆ ವಿಕ್ರಾಂತದ ಸೋಗು. ಊರಿನ ಗುತ್ತಿಗೆದಾರರಿಗೆ ರಾಶಿಗಟ್ಟಲೆ ಮಾಂಸ, ತರಕಾರಿಯ ಆರ್ಡರು. ವೈರ್‌ಲೆಸ್ಸಿನಲ್ಲಿ ದೊಡ್ಡ ಹಡಗಿನದೆಂಬಂಥ ಸಂದೇಶಗಳ ಸುರಿಮಳೆ. ಅವುಗಳ ನಡುವೆ ಬೇಕೆಂದೇ ಗುಟ್ಟು ಮುರಿದಂತೆ ಒಂದು ಖಾಸಗಿ ತಂತಿ: ವಿಕ್ರಾಂತದ ಒಬ್ಬ ನಾವಿಕ, ಕಾಯಿಲೆ ಬಿದ್ದ ತನ್ನ ತಾಯಿ ಹೇಗಿದ್ದಾಳೆಂದು ಕೇಳುವುದು. ಕಿವಿಗೊಟ್ಟು ಕೂತ ಶತ್ರು ಇದನ್ನು ನಂಬಲಿ ಎಂದು. ಡಿಸೆಂಬರ್ 3ರ ರಾತ್ರಿ ಕಳೆದು 4 ಹುಟ್ಟುವ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಬಾಗಿಲಲ್ಲೇ ಮುಳುಗಿತು, ತನ್ನ ಎಲ್ಲ ಜನರ ಸಮೇತ.

ನಾನು ಇದನ್ನು ಒಂದು ಪತ್ರಿಕೆಯಲ್ಲಿ ಓದಿ, ಆ ಪುಟ ಕತ್ತರಿಸಿ ದಾದಾನಿಗೆ ಕಳಿಸಿದೆ. ಸಾವಿರ ಜನರ ಜೀವ ಉಳಿಸಿದ ಉಪಾಯ ಅದು. ನಾವಿಬ್ಬರೂ ಬದುಕಿದ್ದೂ ಅದರಿಂದಲೇ ಇರಬಹುದು. ಇಲ್ಲದ ಒಬ್ಬ ಮಗ ತಾಯಿಯ ಕ್ಷೇಮ ಕೇಳಿದ. ಇದ್ದ ಮಗ ಗುಡ್ಡ ನೋಡುತ್ತ ಬಾಯಿ ಮುಚ್ಚಿ ನಿಂತ. ದಾದಾನ ಉತ್ತರ ಬಂತು. ‘ಅರ್ಧ ಗ್ಲಾಸ್’ ಎಂದು ಬರೆದು, ಕೆಳಗೆ, ‘ಆ ತಂತಿ ನಾನೇ ಕೊಟ್ಟೆ ಎಂದುಕೊಳ್ಳುತ್ತೇನೆ’ ಎಂದು ಒಂದೇ ಸಾಲು.

ಯುದ್ಧವನ್ನು ನಾವು ಮುಳ್ಳಿನಲ್ಲಿ ನೋಡಿದೆವು. ಡಿಸೆಂಬರ್ 4ರ ಬೆಳಿಗ್ಗೆ ವಾಚಿನಲ್ಲಿದ್ದೆವು. ವಿಮಾನವನ್ನು ಡೆಕ್ಕಿನಿಂದ ಎಸೆಯುವ ಕ್ಯಾಟಪುಲ್ಟು ಹಬೆಯಿಂದ ನಡೆಯುವಂಥದು, ಆ ಹಬೆ ನಮ್ಮ ಬಾಯ್ಲರಿನದು. ಮೇಲೆ ಒಂದು ವಿಮಾನ ಹಾರಿದರೆ ಹಡಗಿನ ಮೈಗುಂಟ ‘ಧಡ್’ ಎಂಬ ಅದುರು ಇಳಿದು ಬಂದು ಕಾಲಿಗೆ ತಾಗುತ್ತಿತ್ತು. ಒತ್ತಡದ ಮುಳ್ಳು ಕೊಂಚ ಕುಸಿಯುತ್ತಿತ್ತು. ದಾದಾ ಒಂದು ಬೆರಳೆತ್ತುತ್ತಿದ್ದ, ನಾನು ಬರ್ನರ್ ಹಚ್ಚುತ್ತಿದ್ದೆ, ಮುಳ್ಳು ಮತ್ತೆ ಮೇಲೆ. ಆ ಬೆಳಿಗ್ಗೆ ಎಂಟು ಸಲ ಹೀಗಾಯಿತು. ಎಂಟು ಸೀ ಹಾಕ್‌ಗಳು ಕಾಕ್ಸ್ ಬಜಾರಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದವೆಂದು ಬ್ರಾಡ್‌ಕಾಸ್ಟಿನಲ್ಲಿ ಕೇಳಿದ್ದು ಆಮೇಲೆ. ಮಧ್ಯಾಹ್ನ ಚಿತ್ತಗಾಂಗ್. ಗಾಳಿ ಬೀಸದ ದಿನ ಅಲಿಝೆಗಳನ್ನು ಹಾರಿಸುವುದು ಕಷ್ಟ. ಹಡಗು ಓಡಿ ಗಾಳಿ ಹುಟ್ಟಿಸಬೇಕು, ಓಡಲು ನಮ್ಮಲ್ಲಿ ಹಬೆ ಸಾಲದು. ಪಟ್ಟಿ ಬಿಗಿದ ಆ ಉಕ್ಕನ್ನು ನೋಡುತ್ತ ಮುಳ್ಳನ್ನು ಒಂದು ಕೂದಲೆಳೆ ಮೇಲೆ, ಒಂದು ಕೂದಲೆಳೆ ಕೆಳಗೆ ಹಿಡಿಯುವುದು. ಥರ್ಮಾಮೀಟರಿನಲ್ಲಿ 50 ಡಿಗ್ರಿ. ಉಪ್ಪಿನ ಗುಳಿಗೆ ನುಂಗಿ ನಿಂಬೆ ಪಾನಕ ಕುಡಿದರೂ ಬನಿಯನ್ನಿನ ಮೇಲೆ ಉಪ್ಪು ಬಿಳಿಯಾಗಿ ಕಟ್ಟುತ್ತಿತ್ತು.

ಆಮೇಲೆ ಖುಲ್ನಾ, ಚಾಲ್ನಾ, ಮೋಂಗ್ಲಾ ಬಂದರುಗಳ ಸರದಿ. ಬ್ರಾಡ್‌ಕಾಸ್ಟಿನಲ್ಲಿ ಖುಲ್ನಾ ಎಂಬ ಹೆಸರು ಬಂದಾಗ ನಾವು ಮೆಸ್ಸಿನಲ್ಲಿದ್ದೆವು. ದಾದಾ ತಟ್ಟೆಯಲ್ಲಿದ್ದ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ. ಆಮೇಲೆ ಪೂರ್ತಿ ಊಟ ಮಾಡಿದ, ಒಂದು ಅಗುಳೂ ಬಿಡದೆ. ಮುಂದಿನ ವಾಚಿನಲ್ಲಿ ಪ್ರತಿ ‘ಧಡ್’ಗೂ ಬೆರಳೆತ್ತಿದ, ಒಂದು ಕ್ಷಣವೂ ತಡವಿಲ್ಲ. ವಾಚ್ ಮುಗಿದ ಮೇಲೆ ಅವನೇ ಮಾತೆತ್ತಿದ. ರೂಪ್ಸಾದಲ್ಲಿ ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಈಜುತ್ತಿದ್ದುದು, ಸ್ನಾನಘಟ್ಟದ ಮೆಟ್ಟಿಲು, ಬಿಟ್ಟು ಬರುವಾಗ ದೊಡ್ಡಮ್ಮನೊಬ್ಬಳು ಬರಲೊಲ್ಲೆನೆಂದು ಅಲ್ಲೇ ಉಳಿದದ್ದು. ‘ಬಾಂಬು ಬಂದರಿಗಲ್ಲವೇ ಮಾರಾಯಾ, ಊರಿಗಲ್ಲವಲ್ಲ?’ ಎಂದು ನನ್ನನ್ನು ಕೇಳಿದ. ಕುಮಟಾದ ಹುಡುಗನಾದ ನನಗೆ ಏನು ಗೊತ್ತು? ಬಂದರಿಗೇ ಎಂದೆ. ಆ ವರ್ಷ ಒಂದು ಕೋಟಿ ಜನ ಅಲ್ಲಿಂದ ನಮ್ಮ ದೇಶಕ್ಕೆ ಓಡಿ ಬಂದಿದ್ದರು; ಅವರ ಮನೆ ಅವರಿಗೆ ಸಿಗಲೆಂದೇ ಈ ಯುದ್ಧವೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹುಟ್ಟಿದ ನೆಲದ ಮೇಲೆ ತಾನು ಕಾಯಿಸಿದ ಹಬೆ ಬಾಂಬು ಹೊತ್ತು ಹೋಗುವುದು ಒಂದು ಮಾತಿನಿಂದ ಮುಗಿಯುವ ಸಂಗತಿಯಲ್ಲ. ಅವನು ಸಾಯುವತನಕ ಖುಲ್ನಾಕ್ಕೆ ಹೋಗಲಿಲ್ಲ.

ಡಿಸೆಂಬರ್ 9ರ ರಾತ್ರಿ ಪಶ್ಚಿಮದಲ್ಲಿ, ದೀವ್ ದ್ವೀಪದಾಚೆ, ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲವೆಂಬುದನ್ನು ದೇಶವೆಲ್ಲ ಬಲ್ಲದು. ನಮಗೆ ಸುದ್ದಿ ತಲುಪಿದಾಗ ನಾವು ನೆನೆದದ್ದು ಕೆಳಗಿದ್ದವರನ್ನು. ಟಾರ್ಪೆಡೊ ಬಡಿದಾಗ ಬಾಯ್ಲರ್ ರೂಮಿನವನಿಗೆ ಏಣಿ ಹತ್ತುವಷ್ಟು ಹೊತ್ತು ಸಿಗುವುದಿಲ್ಲ. ಶಿವಾಜಿಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನೊಬ್ಬ ಅಲ್ಲಿದ್ದ.

ಆ ರಾತ್ರಿ ದಾದಾ ತನ್ನ ಮನೆಗೆ ಹೋಗುವ ದಾರಿಯನ್ನು ನನಗೆ ಬಾಯಿಪಾಠ ಮಾಡಿಸಿದ. ಏರಿಯಲ್ ಬೇ ಜೆಟ್ಟಿ, ಅಲ್ಲಿಂದ ಒಳಗೆ ಹೋಗುವ ರಸ್ತೆ, ಕಾಳಿ ಗುಡಿ, ಗುಡಿಯ ಹಿಂದೆ ತೊರೆಗೆ ಹಾಕಿದ ಮರದ ದಿಮ್ಮಿಯ ಸಂಕ, ಸಂಕ ದಾಟಿ ಎಡಕ್ಕೆ ಮೂರನೆಯ ಮನೆ, ಅಂಗಳದಲ್ಲಿ ಹಲಸಿನ ಮರ. ನಾನು ನಮ್ಮದು ಹೇಳಿಕೊಟ್ಟೆ. ಕುಮಟಾ ಬಸ್‌ಸ್ಟ್ಯಾಂಡು, ಹೆಗಡೆಯ ದಾರಿ, ತಾರಿ ದಾಟುವುದು, ಗಜನಿಯ ಏರಿಯ ಮೇಲೆ ನಡೆದರೆ ಕೊನೆಯ ಮನೆ, ಆಯಿಯ ಹೆಸರು. ಯಾಕೆ ಕಲಿಯುತ್ತಿದ್ದೇವೆಂದು ಇಬ್ಬರೂ ಹೇಳಲಿಲ್ಲ. ವಾಚಿಗೆ ಇಳಿಯುವ ಮುಂಚೆ ಒಬ್ಬರನ್ನೊಬ್ಬರು ಮಗ್ಗಿ ಕೇಳಿದ ಹಾಗೆ ಕೇಳುತ್ತಿದ್ದೆವು. ‘ತಾರಿ ದಾಟಿ?’ ‘ಗಜನಿ ಏರಿ.’ ‘ಸಂಕ ದಾಟಿ?’ ‘ಎಡಕ್ಕೆ ಮೂರನೆಯ ಮನೆ.’ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು. ದಾರಿ ಮಾತ್ರ ಮರೆಯಲಿಲ್ಲ.

ನಮ್ಮ ಮನೆಗೆ ಅವನು ಬಂದದ್ದು 1983ರ ಮಳೆಗಾಲದಲ್ಲಿ. ಇಬ್ಬರೂ ನೌಕಾದಳ ಬಿಟ್ಟಾಗಿತ್ತು. ಅವನು ದಿಗ್ಲಿಪುರದಲ್ಲಿ ಡುಂಗಿ ದೋಣಿಗಳ ಎಂಜಿನ್ ರಿಪೇರಿ ಇಟ್ಟುಕೊಂಡಿದ್ದ. ನಾನು ಗಜನಿಯಲ್ಲಿ ಕಗ್ಗ ಬಿತ್ತಿಕೊಂಡಿದ್ದೆ. ಯಾರನ್ನೂ ಕೇಳದೆ ಬಾಯಿಪಾಠದ ದಾರಿ ಹಿಡಿದು, ಏರಿಯ ಮೇಲೆ ಕೊಡೆ ಹಿಡಿದು ನಡೆದು ಬಂದ. ಆಯಿ ಅವನಿಗೆ ಬಳಚಿನ ಸುಕ್ಕ ಮಾಡಿ ಬಡಿಸಿದಳು. ಬಂಗಾಳಿಗೆ ಮೀನಿನೂರಿನ ಊಟದಲ್ಲಿ ಕಲಿಯುವುದೇನೂ ಇರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಆಯಿ ಅವನೊಡನೆ ಮಧ್ಯಾಹ್ನವೆಲ್ಲ ಮಾತಾಡಿದಳು.

ಗಜನಿಯೆಂದರೆ ನದಿಯ ಉಪ್ಪುನೀರಿನ ಮಗ್ಗುಲಲ್ಲೇ ಏರಿ ಕಟ್ಟಿ ಮಾಡಿದ ಗದ್ದೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಭತ್ತ ಬೆಳೆಯುತ್ತದೆ, ಉಪ್ಪಿಗೂ ನೆರೆಗೂ ಜಗ್ಗದ ತಳಿ. ಕೊಯ್ಲಾದ ಮೇಲೆ ನೀರು ಬಿಟ್ಟರೆ ಮೀನು, ಸಿಗಡಿ. ಏರಿಯಲ್ಲಿ ಮರದ ಬಾಗಿಲುಳ್ಳ ತೂಬು ಇರುತ್ತದೆ. ಭರತದ ಹೊತ್ತಿಗೆ ಮುಚ್ಚುವುದು, ಇಳಿತಕ್ಕೆ ತೆರೆಯುವುದು. ದಾದಾ ಆ ತೂಬಿನ ಮೇಲೆ ಬಹಳ ಹೊತ್ತು ಕೂತಿದ್ದ. ಎದ್ದು ಬರುವಾಗ ಗದ್ದೆಯ ನೀರು ನೋಡಿ, ನನ್ನ ಕಡೆ ತಿರುಗಿ, ಅಂಗೈ ಮಟ್ಟಸ ಹಿಡಿದ.

ಅವರ ಮನೆಗೆ ನಾನು ಹೋದದ್ದು 1996ರಲ್ಲಿ. ಆ ಸಲದ ಕಾಗದದಲ್ಲಿ ಅರ್ಧ ಗ್ಲಾಸ್ ಎಂದಿರಲಿಲ್ಲ. ಪೂರ್ತಿ ಇನ್‌ಲ್ಯಾಂಡಿನಲ್ಲಿ ಒಂದೇ ಸಾಲಿತ್ತು: ‘ಗ್ಲಾಸಿನಲ್ಲಿ ನೀರು ಕಾಣುತ್ತಿಲ್ಲ.’

ಹೆಂಡತಿ ಓದಿ, ಏನೂ ಕೇಳದೆ ಒಳಗೆ ಹೋಗಿ ಚೀಲ ತುಂಬತೊಡಗಿದಳು. ಮದ್ರಾಸಿನಿಂದ ಪೋರ್ಟ್ ಬ್ಲೇರಿಗೆ ಹಡಗಿನಲ್ಲಿ ಮೂರು ದಿನ. ಪ್ರಯಾಣಿಕನಾಗಿ ಹೋದರೂ ರಾತ್ರಿಯೆಲ್ಲ ಕಿವಿ ಕೆಳಗಿನ ಎಂಜಿನ್ನಿನ ಕಡೆಗೇ. ಅಲ್ಲಿಂದ ಬಸ್ಸು, ನಡುವೆ ಕೊಲ್ಲಿ ಬಂದಲ್ಲೆಲ್ಲ ಬಾರ್ಜಿನ ಮೇಲೆ ಹತ್ತಿಸುವುದು, ಮತ್ತೆ ಕಾಡು. ಸಂಕವಿದ್ದಲ್ಲಿ ಸಿಮೆಂಟಿನ ಮೋರಿ ಆಗಿತ್ತು. ಹಲಸಿನ ಮರ ಇತ್ತು. ದಾದಾನ ಹೆಂಡತಿ, ನನ್ನ ಬೌದಿ, ತೀರಿಕೊಂಡು ಆಗಲೇ ಒಂದು ತಿಂಗಳು. ದಾದಾ ಅಂಗಳದಲ್ಲಿ ಕೂತಿದ್ದ, ಗಡ್ಡ ಬೆಳೆದಿತ್ತು. ಎದುರಿಗೆ ಬಿಚ್ಚಿಟ್ಟ ಒಂದು ಎಂಜಿನ್ನು ಮಳೆಗೆ ತುಕ್ಕು ಹಿಡಿದಿತ್ತು. ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ. ನಾನೂ ಮಾತಾಡಲಿಲ್ಲ. ಚೀಲ ಕೆಳಗಿಟ್ಟು, ಸೀಮೆಎಣ್ಣೆ ಮತ್ತು ಕಾಟನ್ ವೇಸ್ಟ್ ಹುಡುಕಿ ತಂದು, ಎಂಜಿನ್ನಿನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಪಿಸ್ಟನ್ನಿನ ತುಕ್ಕು ಉಜ್ಜತೊಡಗಿದೆ. ಬಹಳ ಹೊತ್ತಾದ ಮೇಲೆ ಅವನೂ ಬಂದು ಕೂತ. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅದು ಚಾಲೂ ಆದಾಗ ಅವನು ಎಂಜಿನ್ನಿನ ಮೇಲೆ ತಲೆಯಿಟ್ಟು ಅತ್ತ.

ಹೊರಡುವ ಹಿಂದಿನ ದಿನ ಗುಡ್ಡದ ಇಳಿಜಾರಿನ ಒಂದು ಜಾಗಕ್ಕೆ ಕರೆದುಕೊಂಡು ಹೋದ. ಮರಗಳ ಸಂದಿಯಲ್ಲಿ ದೂರದ ನೀರು ಕಾಣುತ್ತಿತ್ತು. ತಾಯಿ ಸೌದೆಗೆ ಬರುತ್ತಿದ್ದ ಜಾಗವಂತೆ. 1971ರಲ್ಲಿ ಹುಷಾರಾಗಿ, ಆಮೇಲೆ ಹದಿನೇಳು ವರ್ಷ ಬದುಕಿದ್ದಳು. ‘ಹೇಳಿದೆಯಾ ಅವಳಿಗೆ?’ ಎಂದೆ. ‘ಇಲ್ಲ. ಹೇಳಬಾರದೆಂದು ಆಗ ಆರ್ಡರ್ ಇತ್ತು. ಆಮೇಲೆ ಹೇಳಿದ್ದರೆ, ಇಷ್ಟು ಹತ್ತಿರ ಬಂದೂ ಮಗ ಬರಲಿಲ್ಲವಲ್ಲ ಎಂದು ಆ ದಿನಗಳನ್ನೆಲ್ಲ ಅವಳು ಮತ್ತೆ ಕಳೆಯಬೇಕಾಗುತ್ತಿತ್ತು. ಒಬ್ಬರು ಕಳೆದದ್ದು ಸಾಕು.’ ಬೌದಿಗೂ ಹೇಳಿರಲಿಲ್ಲ. ಆ ಕೊಲ್ಲಿಯ ಸಂಗತಿ ಗೊತ್ತಿದ್ದುದು ನನಗೊಬ್ಬನಿಗೆ. ಈಗ ಇಲ್ಲಿ ಬರೆಯುತ್ತಿರುವುದು ಅವನ ಮಗನ ಒಪ್ಪಿಗೆ ಪಡೆದು.

2004ರ ಡಿಸೆಂಬರ್ 26ರ ಸುನಾಮಿಯ ಸುದ್ದಿ ಕೇಳಿದಾಗ ಫೋನು ಹತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ಕಾಗದ ಬಂತು. ಅರ್ಧ ಗ್ಲಾಸ್. ಅವರ ಕಡೆ ನೆಲವೇ ಮೇಲೆದ್ದು, ಮೊದಲು ನೀರಿನೊಳಗಿದ್ದ ಹವಳದ ಬಂಡೆಗಳು ಹೊರಗೆ ಬಿದ್ದು ಒಣಗುತ್ತಿವೆಯೆಂದು ಬರೆದಿದ್ದ. ವಿಕ್ರಾಂತವನ್ನು 1997ರ ಜನವರಿ 31ರಂದು ನಿವೃತ್ತಿ ಮಾಡಿ ಮುಂಬಯಿಯಲ್ಲಿ ಮ್ಯೂಸಿಯಂ ಮಾಡಿದ್ದರು. 2014ರಲ್ಲಿ ಅದನ್ನೂ ಗುಜರಿಗೆ ಮಾರಿ ಒಡೆಯತೊಡಗಿದರು. ಅದರ ಲೋಹ ಬೆರೆಸಿದ ಮೋಟರ್‌ಸೈಕಲ್ಲು ಬಂದಾಗ ನಮ್ಮೂರಿನ ಹುಡುಗನೊಬ್ಬ ಕೊಂಡ. ಅದರ ಟ್ಯಾಂಕಿನ ಮೇಲೆ ಕೈಯಿಟ್ಟು ನೋಡಿದೆನೆಂದು ದಾದಾನಿಗೆ ಬರೆದೆ. ಬಿಸಿ ಇತ್ತೇ ಎಂದು ಕೇಳಿದ.

ಅಷ್ಟರಲ್ಲಿ ಅವನ ಕಿವಿ ಪೂರ್ತಿ ಹೋಗಿತ್ತು. ಬಾಯ್ಲರ್ ರೂಮಿನವರಲ್ಲಿ ಬಹಳ ಜನರಿಗೆ ಹಾಗೆ. ಫೋನಿನಲ್ಲಿ ಮಾತು ನಿಂತಿತು. 2020ರಲ್ಲಿ ಚೆನ್ನೈಯಿಂದ ಅಂಡಮಾನಿಗೆ ಸಮುದ್ರದಡಿಯ ಕೇಬಲ್ ಬಂದು ಇಂಟರ್‌ನೆಟ್ ಸುಧಾರಿಸಿದ ಮೇಲೆ ಮೊಮ್ಮಗಳು ವೀಡಿಯೊ ಕರೆ ಹಚ್ಚಿಕೊಡತೊಡಗಿದಳು. ನಾವಿಬ್ಬರೂ ಮತ್ತೆ ಸನ್ನೆಗೆ ಇಳಿದೆವು. ನಮಗದೇನೂ ಕಷ್ಟವಾಗಲಿಲ್ಲ, ಮೊದಲು ಕಲಿತ ಭಾಷೆ ಅದೇ ತಾನೇ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತವನ್ನು ನೌಕಾದಳಕ್ಕೆ ಸೇರಿಸಿದ ದಿನ ಅವನೇ ಕರೆ ಮಾಡಿಸಿದ. ನಾಲ್ಕು ಬೆರಳೆತ್ತಿ ಹುಬ್ಬೇರಿಸಿದ: ಬಾಯ್ಲರ್ ನಾಲ್ಕೇ? ನಾನು ತಲೆಯಾಡಿಸಿ ಮುಷ್ಟಿ ಕಟ್ಟಿದೆ. ಹೊಸದು ಗ್ಯಾಸ್ ಟರ್ಬೈನಿನದು, ಬಾಯ್ಲರೇ ಇಲ್ಲ. ಅವನು ನಂಬದೆ ಮತ್ತೆ ಕೇಳಿದ. ಮತ್ತೆ ಮುಷ್ಟಿ ತೋರಿಸಿದೆ. ಹಾಗಿದ್ದರೆ ಕೆಳಗಿನ ಹುಡುಗರು ಏನು ನೋಡುತ್ತ ನಿಲ್ಲುತ್ತಾರೆ ಎಂದು ಅವನ ಕೈ ಗಾಳಿಯಲ್ಲಿ ಏನೇನೋ ಹುಡುಕಿತು.

ಮರುವರ್ಷದ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದ. ಕೊನೆಯ ಕರೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದರು. ನಾನು ಹುಬ್ಬೇರಿಸಿದೆ. ಅವನು ಕೈಯೆತ್ತಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿ, ತಾನೂ ಹುಬ್ಬೇರಿಸಿದ. ನನ್ನ ನೀರು ಎಷ್ಟು ಎಂದು ಕೇಳುತ್ತಿದ್ದ. ಅಂಗೈಯನ್ನು ಎದೆಯ ಮುಂದೆ ಮಟ್ಟಸ ಹಿಡಿದು ತೋರಿಸಿದೆ, ಕೈ ನಡುಗದ ಹಾಗೆ ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡು. ಅವನು ತಲೆಯಾಡಿಸಿದ.

ನನ್ನ ಕೈಲಿ ಈಗ ಗದ್ದೆ ಕೆಲಸ ಆಗುವುದಿಲ್ಲ. ತೂಬಿನ ಬಾಗಿಲು ಹಾಕಿ ತೆಗೆಯುವುದು ತಮ್ಮನ ಮೊಮ್ಮಗ. ಸಂಜೆ ಭರತ ಏರುವ ಹೊತ್ತಿಗೆ ಏರಿಯ ಮೇಲೆ ಹೋಗಿ ಕೂರುತ್ತೇನೆ. ಬಾಗಿಲು ಹಾಕಿ ಆದಮೇಲೆ ಹುಡುಗ ನನ್ನ ಕಡೆ ತಿರುಗಿ ನೋಡುತ್ತಾನೆ. ಒಳಗಿನ ನೀರು, ಹೊರಗಿನ ನೀರು ಎರಡನ್ನೂ ನೋಡಿ ನಾನು ಅಂಗೈ ಹಿಡಿಯುತ್ತೇನೆ. ಮೊನ್ನೆ ನಾನು ಮರೆತು ಕೂತಿದ್ದೆ. ಆಚೆ ದಂಡೆಯಿಂದ ಅವನೇ ಹುಬ್ಬೇರಿಸಿದ.